ಒಂದು ಐರಿಷ್ ನಾಮಪದದ ವೃತ್ತಾಂತ

ಐರ್ಲೆಂಡು ದೇಶಕ್ಕೆ ಹೋದ ಪರಸ್ಥಳದವರಿಗೆ ಅಲ್ಲಿಯ ಉಪಾಹಾರಗೃಹಗಳಲ್ಲಿ ಒಂದು ಸಣ್ಣ ಪೇಚಾಟವು ಒದಗುವುದುಂಟು. ಕೈಕಾಲು ತೊಳೆಯುವ ಕಡೆ ಎರಡು ಬಾಗಿಲುಗಳಿರುತ್ತವೆ. ಒಂದರ ಮೇಲೆ ‘ಫಿರ್’ ಎಂದೂ ಇನ್ನೊಂದರ ಮೇಲೆ ‘ಮ್ನಾ’ ಎಂದೂ ಬರೆದಿರುತ್ತದೆ. ಇಂಗ್ಲಿಷು ಬಲ್ಲವರು ಮೊದಲಕ್ಷರವನ್ನು ಮಾತ್ರ ನೋಡಿ, ಫಕಾರವಿರುವುದು ‘ಫೀಮೇಲ್’, ಮಕಾರವಿರುವುದು ‘ಮೆನ್’ ಎಂದು ಊಹಿಸಿಬಿಡುವರು. ನಿಜವು ಇದಕ್ಕೆ ತಲೆಕೆಳಗು. ‘ಫಿರ್’ ಎಂದರೆ ಗಂಡಸರು. ‘ಮ್ನಾ’ ಎಂದರೆ ಹೆಂಗಸರು.

ಈ ‘ಮ್ನಾ’ ಎಂಬ ಮಾತಿನ ಅರ್ಥವನ್ನು ಅರಿಯಲು ನಿಘಂಟನ್ನು ತೆರೆದರೆ ಎರಡನೆಯ ಪೇಚಾಟ. ಅದರ ವಿವರಣೆ ಇರುವುದು ಮಕಾರದಲ್ಲಲ್ಲ, ಬಕಾರದಲ್ಲಿ, ‘ಬ್ಯಾನ್’ ಎಂಬ ಪದದ ಕೆಳಗೆ. ಒಬ್ಬ ಹೆಂಗಸು ‘ಬ್ಯಾನ್’, ಹಲವರು ‘ಮ್ನಾ’. ಒಬ್ಬ ಹೆಂಗಸಿನ ಎಂಬ ಷಷ್ಠೀ ವಿಭಕ್ತಿಗೂ ‘ಮ್ನಾ’ ಎಂಬುದೇ ರೂಪ. ಹೆಂಗಸರ ಎಂಬ ಷಷ್ಠೀ ಬಹುವಚನಕ್ಕಾದರೋ ‘ಬನ್’. ಐರಿಷ್ ಭಾಷೆಯನ್ನು ಕಲಿಯುವ ಮಕ್ಕಳು ಈ ಪದವನ್ನು ಅಪವಾದಗಳ ಪಟ್ಟಿಯಲ್ಲಿ ಬಾಯಿಪಾಠ ಮಾಡುತ್ತಾರೆ. ಇಷ್ಟು ದಿನಬಳಕೆಯ ಪದಕ್ಕೆ ಇಷ್ಟು ಅಡ್ಡಾದಿಡ್ಡಿ ರೂಪಗಳೇಕೆ ಎಂಬುದು ಯಾರಿಗಾದರೂ ತೋರುವ ಪ್ರಶ್ನೆ. ಇದಕ್ಕೆ ಉತ್ತರವನ್ನು ಹುಡುಕುತ್ತ ಹೋದರೆ ನಾವು ಐರ್ಲೆಂಡಿನಿಂದ ಹೊರಟು ಋಗ್ವೇದದವರೆಗೆ ಬರಬೇಕಾಗುತ್ತದೆ. ಅಪವಾದವೆಂದು ನಾವು ಬದಿಗಿಡುವುದು ಅನೇಕ ವೇಳೆ ನಿಯಮಭಂಗವಲ್ಲ, ಮರೆತುಹೋದ ಹಳೆಯ ನಿಯಮದ ಉಳಿಕೆ ಎಂಬುದನ್ನು ತೋರಿಸುವುದಕ್ಕೆ ಈ ಒಂದು ಪದವು ಸಾಕು.

ಐರಿಷ್ ಭಾಷೆಯು ಕೆಲ್ಟಿಕ್ ಎಂಬ ಶಾಖೆಗೆ ಸೇರಿದ್ದು. ಸ್ಕಾಟ್ಲೆಂಡಿನ ಗೇಲಿಕ್, ವೇಲ್ಸಿನ ವೆಲ್ಷ್, ಫ್ರಾನ್ಸಿನ ಪಶ್ಚಿಮ ಕೊನೆಯ ಬ್ರೆಟನ್, ಇವು ಅದರ ದಾಯಾದಿಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಮೊದಲಾದವುಗಳೊಡನೆ ಕೆಲ್ಟಿಕ್ಕೂ ಒಂದೇ ಮೂಲದಿಂದ ಬಂದಿರಬಹುದೆಂದು ಸರ್ ವಿಲಿಯಂ ಜೋನ್ಸನು ಕಲ್ಕತ್ತೆಯಲ್ಲಿ 1786 ರಲ್ಲಿ ಸೂಚಿಸಿದನು. ಆದರೆ ಅದನ್ನು ಭದ್ರವಾದ ತಳಹದಿಯ ಮೇಲೆ ನಿಲ್ಲಿಸಿದವನು ಬವೇರಿಯಾ ದೇಶದ ವಿದ್ವಾಂಸ ಜೋಹಾನ್ ಕಾಸ್ಪರ್ ಝಾಯ್ಸ್. ಎಂಟು ಒಂಬತ್ತನೆಯ ಶತಮಾನಗಳ ಐರಿಷ್ ಸಂನ್ಯಾಸಿಗಳು ತಾವು ಓದುತ್ತಿದ್ದ ಲ್ಯಾಟಿನ್ ಗ್ರಂಥಗಳ ಸಾಲುಗಳ ನಡುವೆಯೂ ಅಂಚುಗಳಲ್ಲಿಯೂ ತಮ್ಮ ಮಾತಿನಲ್ಲಿ ಸಣ್ಣ ಟೀಕೆಗಳನ್ನು ಬರೆದುಕೊಂಡಿದ್ದರು. ಆ ಓಲೆಗಳು ಯೂರೋಪಿನ ವ್ಯೂರ್ಟ್ಸ್‌ಬುರ್ಗ್, ಮಿಲಾನ್, ಸಾಂಕ್ಟ್ ಗಾಲೆನ್ ಪಟ್ಟಣಗಳ ಪುಸ್ತಕಾಗಾರಗಳಲ್ಲಿ ಉಳಿದಿದ್ದವು. ಝಾಯ್ಸನು ಅವನ್ನು ಓದಿ 1853 ರಲ್ಲಿ ಕೆಲ್ಟಿಕ್ ವ್ಯಾಕರಣವನ್ನು ಲ್ಯಾಟಿನ್ನಿನಲ್ಲಿ ಪ್ರಕಟಿಸಿದನು.

ಅವನ ಅನಂತರ ಈ ಕೆಲಸವನ್ನು ಮುಂದುವರಿಸಿದವರಲ್ಲಿ ಡಬ್ಲಿನ್ನಿನ ವ್ಹಿಟ್ಲಿ ಸ್ಟೋಕ್ಸನ ಹೆಸರು ನಮಗೆ ವಿಶೇಷವಾದದ್ದು. ಆತನು ವೃತ್ತಿಯಲ್ಲಿ ನ್ಯಾಯವಾದಿ. 1862 ರಲ್ಲಿ ಭಾರತಕ್ಕೆ ಬಂದು, 1882 ರವರೆಗೆ ಇಲ್ಲಿದ್ದು, ವೈಸರಾಯರ ಮಂತ್ರಾಲೋಚನ ಸಭೆಯಲ್ಲಿ ಕಾನೂನಿನ ಸದಸ್ಯನಾದನು. ಹಗಲು ಭಾರತದ ಕಾನೂನು, ಬಿಡುವಿನಲ್ಲಿ ಪ್ರಾಚೀನ ಐರಿಷ್. ಇದು ಆತನ ದಿನಚರಿ. ಹತ್ತನೆಯ ಶತಮಾನದ ಆದಿಯಲ್ಲಿ ತೀರಿಕೊಂಡ ಕಾರ್ಮಾಕ್ ಎಂಬ ರಾಜಧರ್ಮಾಧ್ಯಕ್ಷನ ಹೆಸರಿನಲ್ಲಿರುವ ಐರಿಷ್ ಪದನಿರುಕ್ತಿಯ ಪುಸ್ತಕವು ಸ್ಟೋಕ್ಸನ ಸಂಪಾದಕತ್ವದಲ್ಲಿ ಅಚ್ಚಾದದ್ದು 1868 ರಲ್ಲಿ, ಕಲ್ಕತ್ತೆಯಲ್ಲಿ. ಐರಿಷರ ಯಾಸ್ಕನೆನ್ನಬಹುದಾದವನ ಗ್ರಂಥವು ಗಂಗೆಯ ದೇಶದಲ್ಲಿ ಬೆಳಕು ಕಂಡಿತು!

ಇನ್ನು ನಮ್ಮ ಪದಕ್ಕೆ ಬರೋಣ. ಆ ಹಳೆಯ ಐರಿಷಿನಲ್ಲಿ ಅದರ ಪ್ರಥಮಾ ಏಕವಚನ ‘ಬೆನ್’, ಷಷ್ಠೀ ಏಕವಚನ ‘ಮ್ನಾ’, ಚತುರ್ಥೀ ‘ಮ್ನಾಯ್’, ಪ್ರಥಮಾ ಬಹುವಚನ ‘ಮ್ನಾ’, ಷಷ್ಠೀ ಬಹುವಚನ ‘ಬನ್’, ಚತುರ್ಥೀ ಬಹುವಚನ ‘ಮ್ನಾವ್’. ದ್ವಿವಚನವೂ ಇದ್ದಿತು. ‘ಮ್ನಾವ್’ ಎಂಬುದರ ಕೊನೆಯ ವಕಾರವು ಸಂಸ್ಕೃತದ ತೃತೀಯಾ ಬಹುವಚನದ ‘ಭಿಸ್’ ಪ್ರತ್ಯಯಕ್ಕೆ ಹತ್ತಿರದ ನೆಂಟ. ಇಷ್ಟಾದರೂ ಮೂಲ ಪ್ರಶ್ನೆಯು ಹಾಗೆಯೇ ನಿಂತಿದೆ: ಒಂದೇ ಪದವು ಬಕಾರದಿಂದಲೂ ಮಕಾರದಿಂದಲೂ ಹೇಗೆ ಮೊದಲಾದೀತು?

ಭಾಷೆಗಳಲ್ಲಿ ಧ್ವನಿಗಳು ಮನಬಂದಂತೆ ಬದಲಾಗುವುದಿಲ್ಲ, ಸಾಲಾಗಿ ಬದಲಾಗುತ್ತವೆ. ಕನ್ನಡಿಗರಿಗೆ ಇದನ್ನು ಹೆಚ್ಚು ಹೇಳಬೇಕಾದುದಿಲ್ಲ. ಹಳಗನ್ನಡದ ಪಾಲ್ ಹಾಲಾಯಿತು, ಪೂ ಹೂವಾಯಿತು, ಪೆಣ್ ಹೆಣ್ಣಾಯಿತು. ಹಾಗೆಯೇ ಮೂಲ ಆರ್ಯಭಾಷೆಯಲ್ಲಿ, ತುಟಿಯನ್ನು ದುಂಡಗೆ ಮಾಡಿ ಉಚ್ಚರಿಸುವ ಗಕಾರವೊಂದಿದ್ದಿತು. ಅದನ್ನು ‘ಗ್ವ’ ಎಂದು ಬರೆದುಕೊಳ್ಳೋಣ. ಕೆಲ್ಟಿಕ್ ಶಾಖೆಯಲ್ಲಿ ತುಟಿಯ ಅಂಶವೇ ಗೆದ್ದು ಅದು ಬಕಾರವಾಯಿತು. ಸಂಸ್ಕೃತದಲ್ಲಿ ತುಟಿಯ ಅಂಶ ಹೋಗಿ ಗಕಾರವೂ, ಮುಂದೆ ಎಕಾರ ಇಕಾರಗಳಿದ್ದ ಕಡೆ ಜಕಾರವೂ ಆಯಿತು. ಇಂಗ್ಲಿಷಿನ ಶಾಖೆಯಲ್ಲಿ ಅದು ಕಕಾರ ಅಥವಾ ಕ್ವಕಾರವಾಯಿತು. ಈ ಮೂರನ್ನು ಸಾಲಾಗಿ ಇಟ್ಟು ನೋಡಬೇಕು. ಹಸುವಿಗೆ ಐರಿಷಿನಲ್ಲಿ ‘ಬೋ’, ಸಂಸ್ಕೃತದಲ್ಲಿ ‘ಗೋ’, ಇಂಗ್ಲಿಷಿನಲ್ಲಿ ‘ಕೌ’. ಬದುಕಿರುವುದಕ್ಕೆ ಐರಿಷಿನಲ್ಲಿ ‘ಬ್ಯೋ’, ಸಂಸ್ಕೃತದಲ್ಲಿ ‘ಜೀವ’, ಇಂಗ್ಲಿಷಿನಲ್ಲಿ ‘ಕ್ವಿಕ್’. ಈ ಇಂಗ್ಲಿಷು ಪದಕ್ಕೆ ಈಗ ಚುರುಕು ಎಂಬ ಅರ್ಥವಿದ್ದರೂ ಮೊದಲಿನ ಅರ್ಥ ಸಜೀವವೆಂದೇ. ಹೆಂಗಸಿಗೆ ಐರಿಷಿನಲ್ಲಿ ‘ಬ್ಯಾನ್’, ಸಂಸ್ಕೃತದಲ್ಲಿ ‘ಜನಿ’, ಇಂಗ್ಲಿಷಿನಲ್ಲಿ ‘ಕ್ವೀನ್’. ಬರಿಯ ಹೆಂಗಸೆಂಬ ಅರ್ಥವಿದ್ದ ಮಾತು ಇಂಗ್ಲಿಷಿನಲ್ಲಿ ಸಿಂಹಾಸನವನ್ನೇರಿ ರಾಣಿಯಾಯಿತು. ಗ್ರೀಕಿನ ‘ಗುನೇ’, ರಷ್ಯನ್ನಿನ ‘ಝೆನಾ’, ಪಾರಸಿಯ ‘ಝನ್’, ಇವೆಲ್ಲ ಇದೇ ಕುಲದವು. ಆ ಪಾರಸಿ ಪದದಿಂದ ಹುಟ್ಟಿದ ‘ಜನಾನಾ’ ಎಂಬ ಮಾತು ಅರಮನೆಗಳ ಮೂಲಕ ನಮ್ಮ ಕಿವಿಗೂ ಬಿದ್ದಿರುವುದೇ ಆಗಿದೆ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಸಂಸ್ಕೃತದ ‘ಜನಿ’ಯನ್ನು ಕಂಡೊಡನೆ, ಹುಟ್ಟು ಎಂಬರ್ಥದ ‘ಜನ್’ ಧಾತುವೂ ‘ಜನನಿ’ ಎಂಬ ಪದವೂ ನೆನಪಿಗೆ ಬರುತ್ತವೆ. ಹೆರುವವಳಾದ್ದರಿಂದ ಜನಿ ಎಂದು ಹೇಳಿಬಿಡಲು ಮನಸ್ಸಾಗುತ್ತದೆ. ಆದರೆ ಇವು ಎರಡು ಬೇರೆ ಮೂಲಗಳು. ಸಂಸ್ಕೃತದಲ್ಲಿ ಎರಡಕ್ಕೂ ಜಕಾರವೇ ಬಂದದ್ದರಿಂದ ಭೇದವು ಅಳಿಸಿಹೋಯಿತು. ಐರಿಷಿನಲ್ಲಿ ಅದು ಅಳಿಸಿಲ್ಲ. ಅಲ್ಲಿ ಹುಟ್ಟಿಗೆ ಸಂಬಂಧಿಸಿದ ಪದ ‘ಗೆನ್’, ಗಕಾರದ್ದು; ಹೆಂಗಸಿನ ಪದ ‘ಬೆನ್’, ಬಕಾರದ್ದು. ದೂರದ ದ್ವೀಪದ ಮಾತು ನಮ್ಮ ಮನೆಯ ಪದಗಳ ಜಾತಕವನ್ನು ತಿದ್ದಬಲ್ಲುದು.

ಬಕಾರದ ಸಂಗತಿ ಇಷ್ಟು. ಮಕಾರವು ಬಂದದ್ದೆಲ್ಲಿಂದ? ಸಂಸ್ಕೃತವನ್ನು ಓದಿದವರು ‘ಹಂತಿ’, ‘ಘ್ನಂತಿ’ ಎಂಬ ರೂಪಗಳನ್ನು ನೆನೆಯಬಹುದು. ಒಂದೇ ಹನ್ ಧಾತು. ಏಕವಚನದಲ್ಲಿ ನಡುವಣ ಸ್ವರ ಉಳಿದಿದೆ, ಬಹುವಚನದಲ್ಲಿ ಲೋಪವಾಗಿದೆ. ಉದಾತ್ತ ಸ್ವರವು ಧಾತುವಿನಿಂದ ಪ್ರತ್ಯಯಕ್ಕೆ ಜಾರಿದಾಗ ಧಾತುವಿನ ಸ್ವರವು ಕ್ಷೀಣಿಸಿ ಹೋಗುವುದು ಆ ಮೂಲಭಾಷೆಯ ರೂಢಿ. ನಮ್ಮ ಪದಕ್ಕೂ ಹಾಗೆಯೇ ಆಯಿತು. ಪ್ರಥಮಾ ವಿಭಕ್ತಿಯಲ್ಲಿ ಸ್ವರವುಳಿದು ‘ಗ್ವೆನ್’. ಷಷ್ಠಿಯಲ್ಲಿ ಸ್ವರ ಲೋಪವಾಗಿ ‘ಗ್ವ್ನಾಸ್’. ಕೆಲ್ಟಿಕ್ಕಿಗೆ ಬರುವಾಗ ಮೊದಲನೆಯದು ‘ಬೆನ್’ ಎಂದಾಯಿತು. ಎರಡನೆಯದು ‘ಬ್ನಾಸ್’ ಎಂದಾಯಿತು. ಬಕಾರದ ಬೆನ್ನಿಗೇ ನಕಾರ ಬಂದರೆ ನಾಲಗೆ ಏನು ಮಾಡುತ್ತದೆ? ವಾಕ್ ಮತ್ತು ಮಯ ಸೇರಿ ವಾಙ್ಮಯವಾದಂತೆ, ಷಟ್ ಮತ್ತು ಮುಖ ಸೇರಿ ಷಣ್ಮುಖನಾದಂತೆ, ಮುಂದಿನ ಅನುನಾಸಿಕವು ಹಿಂದಿನ ವ್ಯಂಜನವನ್ನು ತನ್ನಂತೆ ಮಾಡಿಕೊಳ್ಳುತ್ತದೆ. ‘ಬ್ನಾಸ್’ ‘ಮ್ನಾಸ್’ ಆಯಿತು. ಕೊನೆಯ ಸಕಾರ ಬಿದ್ದು ‘ಮ್ನಾ’ ಉಳಿಯಿತು. ಉತ್ತರದ ಮತ್ತು ಪಶ್ಚಿಮದ ಪ್ರಾಂತಗಳ ಜನರು ಇದನ್ನು ಇನ್ನೂ ಸುಲಭ ಮಾಡಿಕೊಂಡು ‘ಮ್ರಾ’ ಎನ್ನುತ್ತಾರೆ.

ಇದು ಪಂಡಿತರ ಊಹೆ ಮಾತ್ರವಲ್ಲವೇ ಎಂದು ಕೇಳಬಹುದು. 1983 ರಲ್ಲಿ ದಕ್ಷಿಣ ಫ್ರಾನ್ಸಿನ ಲಾರ್ಝಾಕ್ ಎಂಬಲ್ಲಿ, ಒಂದು ಗೋರಿಯೊಳಗೆ, ಸೀಸದ ಹಲಗೆಯೊಂದು ದೊರೆಯಿತು. ಅದು ಕ್ರಿಸ್ತಶಕ 100 ರ ಸುಮಾರಿನದು. ಅದರ ಮೇಲೆ ಕೊರೆದಿರುವುದು ಗಾಲಿಷ್, ಎಂದರೆ ಪ್ರಾಚೀನ ಫ್ರಾನ್ಸಿನ ಕೆಲ್ಟಿಕ್ ಭಾಷೆ. ಅದರಲ್ಲಿ ‘ಬ್ನಾನೋಮ್’ ಎಂಬ ಪದವಿದೆ. ‘ಸ್ತ್ರೀಯರ’ ಎಂದು ಅದರ ಅರ್ಥ. ವಿದ್ವಾಂಸರು ಕಾಗದದ ಮೇಲೆ ಲೆಕ್ಕ ಹಾಕಿ ಇಟ್ಟಿದ್ದ ‘ಬ್ನ’ ಎಂಬ ಜೋಡಕ್ಷರವು ಮಣ್ಣಿನೊಳಗಿನಿಂದ ಎದ್ದು ಬಂದು ಸಾಕ್ಷಿ ಹೇಳಿತು. ಆ ಹಲಗೆಯಲ್ಲಿ ಅದರ ಪಕ್ಕದಲ್ಲಿರುವ ಪದಕ್ಕೆ ಮಂತ್ರ ಅಥವಾ ಮಾಟವೆಂದು ಅರ್ಥ ಮಾಡುತ್ತಾರೆ. ಸಂತ ಪ್ಯಾಟ್ರಿಕ್ಕನ ಕವಚವೆಂದು ಹೆಸರಾದ ಹಳೆಯ ಐರಿಷ್ ಪ್ರಾರ್ಥನೆಯಲ್ಲಿ, ಸ್ತ್ರೀಯರ ಮಾಟದಿಂದ ರಕ್ಷಣೆಯನ್ನು ಬೇಡುವಾಗ, ಇದೇ ಎರಡು ಪದಗಳ ಐರಿಷ್ ರೂಪಗಳು ಜೊತೆಯಾಗಿ ಬರುತ್ತವೆ.

ಇದಕ್ಕಿಂತಲೂ ಹಿರಿಯ ಸಾಕ್ಷಿ ನಮ್ಮ ಬಳಿಯಲ್ಲಿಯೇ ಇದೆ. ಋಗ್ವೇದದಲ್ಲಿ ದೇವಸ್ತ್ರೀಯರಿಗೆ ‘ಗ್ನಾ’ ಎಂದು ಹೆಸರು. ಮೂಲದ ‘ಗ್ವ’ ಧ್ವನಿಯು ನಕಾರದ ಮುಂದೆ ಗಕಾರವಾಗಿ ನಿಂತ ರೂಪವಿದು. ‘ಜನಿ’ ಸ್ವರವುಳಿದ ರೂಪ, ‘ಗ್ನಾ’ ಸ್ವರ ಕಳೆದ ರೂಪ. ‘ಮೇನಾ’, ‘ಗ್ನಾ’ ಎಂಬೆರಡನ್ನೂ ನಿಘಂಟುವು ಸ್ತ್ರೀಯರ ಹೆಸರುಗಳೆಂದು ಕೊಡುತ್ತದೆ. ಯಾಸ್ಕನು ‘ಗ್ನಾ’ ಪದವನ್ನು ಗಮನಾರ್ಥದ ಧಾತುವಿನಿಂದ ಬಿಡಿಸಿದನು. ಇಂದಿನವರು ಆ ವ್ಯುತ್ಪತ್ತಿಯನ್ನು ಒಪ್ಪದಿದ್ದರೂ, ಆತನ ಕಾಲಕ್ಕೇ ಆ ಪದವು ವಿವರಣೆಯನ್ನು ಬೇಡುವಷ್ಟು ಹಳೆಯದಾಗಿದ್ದಿತೆಂಬುದು ಇದರಿಂದ ತಿಳಿಯುತ್ತದೆ. ವೇದದಲ್ಲಿ ‘ಗ್ನಾಸ್ಪತಿ’ ಎಂಬ ಸಮಾಸವೂ ಇದೆ. ದೇವಸ್ತ್ರೀಯ ಪತಿ ಎಂದರ್ಥ. ಬೃಹಸ್ಪತಿ, ವಾಚಸ್ಪತಿಗಳಲ್ಲಿ ಇರುವಂತೆ ಇಲ್ಲಿಯ ಪೂರ್ವಪದವೂ ಷಷ್ಠ್ಯಂತ. ಆ ‘ಗ್ನಾಸ್’ ಎಂಬುದನ್ನೂ ಕೆಲ್ಟಿಕ್ಕಿನ ‘ಬ್ನಾಸ್’ ಎಂಬುದನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ಅದೇ ಪದ, ಅದೇ ವಿಭಕ್ತಿ, ಅದೇ ವಚನ. ಲೌಕಿಕ ಸಂಸ್ಕೃತವು ಈ ಪದವನ್ನೇ ಬಿಟ್ಟುಬಿಟ್ಟಿತು. ಐರ್ಲೆಂಡಿನಲ್ಲಿ ಅದು ಇಂದಿಗೂ ಮಕ್ಕಳ ಬಾಯಲ್ಲಿದೆ.

ಈ ಪದದ ವ್ಯಾಕರಣದಲ್ಲಿ ಇನ್ನೊಂದು ಚೋದ್ಯವಿದೆ. ಐರಿಷಿನಲ್ಲಿ ‘ಆ’ ಎಂದು ನಿರ್ದೇಶಿಸುವ ಉಪಪದವೊಂದುಂಟು. ‘ಅನ್’, ‘ನ’ ಎಂಬುವು ಅದರ ರೂಪಗಳು. ಅದು ಸೇರಿದಾಗ ಪದದ ಬಾಲವಲ್ಲ, ತಲೆ ಬದಲಾಗುತ್ತದೆ! ಆ ಹೆಂಗಸು ಎನ್ನಲು ‘ಅನ್ ಬ್ಯಾನ್’ ಎನ್ನರು, ‘ಅನ್ ವ್ಯಾನ್’ ಎನ್ನುವರು. ಆ ಹೆಂಗಸಿನ ಮನೆ ‘ತ್ಯಾಖ್ ನ ಮ್ನಾ’. ಆ ಹೆಂಗಸರ ಮನೆ ಎನ್ನುವಾಗ ‘ಬನ್’ ಎಂಬುದು ‘ಮನ್’ ಆಗಿ, ‘ತ್ಯಾಖ್ ನ ಮನ್’. ಬರೆಯುವಾಗ ಮಕಾರವನ್ನೂ ಬಕಾರವನ್ನೂ ಜೊತೆಗೆ ಬರೆದು, ಓದುವಾಗ ಮಕಾರವನ್ನು ಮಾತ್ರ ಉಚ್ಚರಿಸುವರು. 1914 ರಲ್ಲಿ ಡಬ್ಲಿನ್ನಿನಲ್ಲಿ ಸ್ಥಾಪಿತವಾಗಿ 1916 ರ ದಂಗೆಯಲ್ಲಿ ಪಾಲ್ಗೊಂಡ ಸ್ತ್ರೀಯರ ಸಂಘದ ಹೆಸರು ‘ಕುಮನ್ ನ ಮನ್’. ಕಿವಿಗೆ ಮಾತ್ರ ಕೇಳಿದವರಿಗೆ ಅದರೊಳಗೆ ‘ಬ್ಯಾನ್’ ಅಡಗಿದೆಯೆಂದು ಹೊಳೆಯದು.

ಕನ್ನಡಿಗರಿಗೆ ಇದು ಅಷ್ಟೇನೂ ಅಪರಿಚಿತವಲ್ಲ. ಮಳೆ ಮತ್ತು ಕಾಲ ಸೇರಿ ಮಳೆಗಾಲ. ಬೆಟ್ಟ ಮತ್ತು ತಾವರೆ ಸೇರಿ ಬೆಟ್ಟದಾವರೆ. ಕಯ್ ಮತ್ತು ಪಿಡಿ ಸೇರಿ ಕೈವಿಡಿ. ಹೆಣ್ ಮತ್ತು ಕೂಸು ಸೇರಿಯೇ ಹೆಂಗೂಸು, ಹೆಂಗಸು ಎಂಬ ಮಾತುಗಳಾದುವು. ಕತಪಗಳಿಗೆ ಗದಬಗಳು ಆದೇಶವಾಗಿ ಬರುವ ಈ ಸಂಧಿಯೂ, ಐರಿಷಿನಲ್ಲಿ ‘ನ’ ಎಂಬುದರ ಮುಂದೆ ಷಷ್ಠೀ ಬಹುವಚನದಲ್ಲಿ ಕತಪಗಳು ಗದಬಗಳಾಗುವುದೂ ನೋಡಲು ಒಂದೇ ತೆರ. ಎರಡು ಭಾಷೆಗಳಿಗೂ ನೆಂಟತನವಿಲ್ಲ. ಮನುಷ್ಯರ ನಾಲಗೆಯ ಸ್ವಭಾವವು ಎಲ್ಲೆಡೆಯೂ ಒಂದೇ ಆದ್ದರಿಂದ ಈ ಸಾಮ್ಯ.

ಆದರೆ ಐರಿಷಿನ ಸಂಧಿಗೆ ಕಾರಣವಾದ ಧ್ವನಿಗಳು ಈಗ ಕಣ್ಣಿಗೆ ಕಾಣುವುದಿಲ್ಲ. ಆ ಉಪಪದಕ್ಕೆ ಹಿಂದೆ ಬೇರೆ ಬೇರೆ ಅಂತ್ಯಗಳಿದ್ದವು. ಸ್ತ್ರೀಲಿಂಗದ ಪ್ರಥಮಾ ಏಕವಚನದಲ್ಲಿ ಅದು ಆಕಾರಾಂತ. ಎರಡು ಸ್ವರಗಳ ನಡುವೆ ಸಿಕ್ಕಿದ ಬಕಾರವು ಮೆತ್ತಗಾಗಿ ವಕಾರವಾಯಿತು. ಷಷ್ಠೀ ಬಹುವಚನದಲ್ಲಿ ಸಂಸ್ಕೃತದ ‘ತಾಸಾಮ್’ ಎಂಬುದರಂತೆ ಅದು ಅನುನಾಸಿಕಾಂತ. ಆ ಅನುನಾಸಿಕವು ಮುಂದಿನ ಬಕಾರವನ್ನು ಮಕಾರವನ್ನಾಗಿ ಮಾಡಿತು. ಷಷ್ಠೀ ಏಕವಚನದಲ್ಲಿ ‘ತಸ್ಯಾಃ’ ಎಂಬುದರಂತೆ ಅದು ಸಕಾರಾಂತ. ಸಕಾರವು ಅಡ್ಡವಾಗಿ ನಿಂತದ್ದರಿಂದ ಮುಂದಿನ ವ್ಯಂಜನವು ಕೆಡಲಿಲ್ಲ. ಅಂತ್ಯಗಳೆಲ್ಲ ಉದುರಿಹೋದುವು, ಅವು ಮಾಡಿದ ಗುರುತು ಮಾತ್ರ ಮುಂದಿನ ಪದದ ತಲೆಯ ಮೇಲೆ ನಿಂತಿತು. ‘ಐರ್ಲೆಂಡಿನ ಸ್ತ್ರೀಯರು’ ಎಂಬುದಕ್ಕೆ ‘ಮ್ನಾ ನ ಹೇರೆನ್’ ಎನ್ನುವರು. ದೇಶದ ಹೆಸರು ‘ಏರೆ’. ಅದಕ್ಕೆ ಷಷ್ಠಿಯಲ್ಲಿ ಹಕಾರವೆಲ್ಲಿಂದ ಬಂತು? ಉಪಪದದ ಕೊನೆಯಲ್ಲಿದ್ದ ಸಕಾರವೇ, ನಮ್ಮ ವಿಸರ್ಗದಂತೆ ಬರಿಯ ಉಸಿರಾಗಿ, ಮುಂದಿನ ಸ್ವರಕ್ಕೆ ಅಂಟಿಕೊಂಡಿತು. 1990 ರಲ್ಲಿ ಆ ದೇಶದ ಪ್ರಥಮ ಮಹಿಳಾ ಅಧ್ಯಕ್ಷೆಯಾಗಿ ಚುನಾಯಿತರಾದ ಮೇರಿ ರಾಬಿನ್ಸನ್ನರು ತಮ್ಮ ವಿಜಯಭಾಷಣದಲ್ಲಿ ಇದೇ ಮೂರು ಮಾತುಗಳಿಂದ ದೇಶದ ಸ್ತ್ರೀಯರನ್ನು ಹೆಸರಿಸಿದರು.

ಲಿಂಗದ ವಿಷಯದಲ್ಲಿ ಎರಡು ಮಾತು. ‘ಬ್ಯಾನ್’ ಸ್ತ್ರೀಲಿಂಗವೇ ಸರಿ. ಆದ್ದರಿಂದ ಅದರ ವಿಶೇಷಣವೂ ಮೆತ್ತಗಾಗುತ್ತದೆ. ದೊಡ್ಡ ಗಂಡಸು ‘ಫ್ಯಾರ್ ಮೋರ್’ ಆದರೆ ದೊಡ್ಡ ಹೆಂಗಸು ‘ಬ್ಯಾನ್ ವೋರ್’. ಆದರೆ ಹುಡುಗಿ ಎಂಬರ್ಥದ ‘ಕಾಲೀನ್’ ಪುಲ್ಲಿಂಗ! ಹಳೆಯ ಐರಿಷಿನಲ್ಲಿ ಸ್ತ್ರೀಯೆಂಬರ್ಥದ ಇನ್ನೊಂದು ಪದ ‘ಬೇ’ ನಪುಂಸಕಲಿಂಗ. ದಾರ ಶಬ್ದವನ್ನು ಪುಲ್ಲಿಂಗದಲ್ಲಿಯೂ ಕಳತ್ರ ಶಬ್ದವನ್ನು ನಪುಂಸಕದಲ್ಲಿಯೂ ಓದಿದ ನಮ್ಮ ಸಂಸ್ಕೃತ ವಿದ್ಯಾರ್ಥಿಗಳು ಇದಕ್ಕೆ ನಗಲಾರರು. ಅರ್ಥವನ್ನನುಸರಿಸಿ ಲಿಂಗವನ್ನು ಹೇಳುವ ಕನ್ನಡದವರಿಗೆ ಮಾತ್ರ ಇದು ವಿಚಿತ್ರವೆನಿಸೀತು.

ಸಮಾಸಗಳಲ್ಲಿ ‘ಬನ್’ ಎಂಬ ರೂಪವು ಪೂರ್ವಪದವಾಗಿ ನಿಲ್ಲುತ್ತದೆ. ‘ರೀ’ ಎಂದರೆ ಅರಸು, ನಮ್ಮ ರಾಜನ್ ಶಬ್ದದ ಬಂಧು. ಅರಸಿಗೆ ‘ಬನ್‌ರೀನ್’, ಅದರ ಉತ್ತರಪದವು ‘ರಾಜ್ಞೀ’ ಎಂಬುದೇ. ಸಾವಿಗೆ ಮುನ್ನ ಮನೆಯ ಬಳಿ ಗೋಳಿಡುವಳೆಂದು ಜನಪದರು ನಂಬುವ ಯಕ್ಷಿಣಿ ‘ಬ್ಯಾನ್ ಶೀ’, ದೇವತೆಗಳ ಗುಡ್ಡದ ಹೆಂಗಸು. ಈ ಮಾತು ಇಂಗ್ಲಿಷಿಗೂ ಹೋಗಿದೆ. ಮನೆಯ ಯಜಮಾನಿತಿ ‘ಬ್ಯಾನ್ ಅನ್ ತೀ’, ಅಕ್ಷರಶಃ ನಮ್ಮ ಮನೆಯಾಕೆ.

ಇನ್ನು ಈ ಪದವನ್ನು ಆಡುವ ಜನರ ಸ್ಥಿತಿಯನ್ನು ಹೇಳಿ ಮುಗಿಸಬೇಕು. 1831 ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಪಾಠಶಾಲೆಗಳು ಇಂಗ್ಲಿಷಿನಲ್ಲಿ ಕಲಿಸಿದುವು. 1845 ರಿಂದ ಮೊದಲಾದ ಮಹಾಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಇನ್ನೆಷ್ಟೋ ಲಕ್ಷ ಜನರು ಸಮುದ್ರವನ್ನು ದಾಟಿದರು. ಐರಿಷನ್ನೇ ಆಡುತ್ತಿದ್ದ ಪಶ್ಚಿಮದ ಬಡವರಿಗೆ ತಗಲಿದ ಪೆಟ್ಟೇ ಹೆಚ್ಚು. 1893 ರಲ್ಲಿ ಭಾಷೆಯನ್ನು ಉಳಿಸುವುದಕ್ಕಾಗಿ ಗೇಲಿಕ್ ಸಂಘವು ಹುಟ್ಟಿತು. 1937 ರ ರಾಜ್ಯಾಂಗವು ಐರಿಷನ್ನು ಪ್ರಥಮ ಅಧಿಕೃತ ಭಾಷೆಯೆಂದು ಸಾರಿತು. 1958 ರ ಪ್ರಮಾಣ ವ್ಯಾಕರಣವು ಕಲಿಯುವವರ ಹೊರೆಯನ್ನು ಇಳಿಸುವುದಕ್ಕಾಗಿ ಅನೇಕ ಹಳೆಯ ರೂಪಗಳನ್ನು ಕೈಬಿಟ್ಟಿತು. ‘ಬ್ಯಾನ್’ ಪದದ ಚತುರ್ಥೀ ರೂಪವೂ ಆಗ ಬದಿಗೆ ಸರಿಯಿತು. ಆದರೆ ‘ಮ್ನಾ’ ಎಂಬುದನ್ನು ತೆಗೆಯಲು ಯಾರಿಗೂ ಸಾಧ್ಯವಾಗಲಿಲ್ಲ. 2022 ರ ಜನಗಣತಿಯಲ್ಲಿ ಐರಿಷ್ ಬರುತ್ತದೆಂದು ಹೇಳಿದವರು 18,73,997 ಮಂದಿ. ಪಾಠಶಾಲೆಯ ಹೊರಗೆ ಅದನ್ನು ದಿನವೂ ಆಡುವವರು 71,968 ಮಂದಿ ಮಾತ್ರ. ಒಂದು ಭಾಷೆಯನ್ನು ಬಲ್ಲವರಿಗೂ ಅದರಲ್ಲಿ ಬದುಕುವವರಿಗೂ ಇರುವ ಅಂತರವನ್ನು ಈ ಎರಡು ಅಂಕಿಗಳು ಹೇಳುತ್ತವೆ.

ಒಂದು ಪದದಲ್ಲಿ ಹಳೆಯ ರೂಪವು ಸಾವಿರಾರು ವರ್ಷ ಉಳಿಯಬೇಕಾದರೆ ಅದಕ್ಕೆ ಒಂದೇ ಉಪಾಯ: ಅದು ದಿನವೂ ಬಾಯಿಗೆ ಬರಬೇಕು. ಅಪರೂಪದ ಪದಗಳ ವಕ್ರತೆಯನ್ನು ಜನರು ಮರೆತು ಅವನ್ನು ಸಾಮಾನ್ಯ ನಿಯಮಕ್ಕೆ ಎಳೆದುಬಿಡುತ್ತಾರೆ. ತೊಟ್ಟಿಲಲ್ಲಿ ಕೇಳಿದ ಪದಗಳನ್ನು ಹಾಗೆ ಎಳೆಯಲಾಗದು. ‘ಬ್ಯಾನ್’, ‘ಮ್ನಾ’ ಎಂಬ ಭೇದವನ್ನು ಕಾಪಾಡಿದವರು ಸಂನ್ಯಾಸಿಗಳೂ ಅಲ್ಲ, ಝಾಯ್ಸನೂ ಅಲ್ಲ, ಸ್ಟೋಕ್ಸನೂ ಅಲ್ಲ. ಅವರು ಅದನ್ನು ಬರೆದಿಟ್ಟರು, ಬಿಡಿಸಿ ತೋರಿಸಿದರು. ಕಾಪಾಡಿದವರು ತಾಯಂದಿರು. ಇಂದಿಗೂ ಬೇಸಗೆಯಲ್ಲಿ ಪಟ್ಟಣದ ಮಕ್ಕಳು ಭಾಷೆಯನ್ನು ಕಲಿಯಲೆಂದು ಪಶ್ಚಿಮ ತೀರದ ಐರಿಷ್ ಊರುಗಳಿಗೆ ಹೋಗಿ ಕೆಲವು ವಾರ ತಂಗುವರು. ಅವರಿಗೆ ಉಣಬಡಿಸಿ, ತಪ್ಪಿದ ಮಾತನ್ನು ತಿದ್ದುವ ಮನೆಯೊಡತಿಯನ್ನು ಅವರು ಕರೆಯುವುದು ‘ಬ್ಯಾನ್ ಅನ್ ತೀ’ ಎಂದೇ. ಋಷಿಗಳ ‘ಗ್ನಾ’ ಶಬ್ದದ ಈ ಸೋದರಿಯು ಪುಸ್ತಕದಲ್ಲಿ ಹೇಗೂ ಉಳಿದೀತು. ಬಾಯಲ್ಲಿ ಉಳಿಯುವುದು ಆ ಮನೆಗಳ ಒಲೆ ಉರಿಯುತ್ತಿರುವವರೆಗೆ.